ಮುಂದಿನ ವ್ಯಾನಿನ ಬೈಕು

ಹಿರೋಷಿಮಾಕ್ಕೆ ಹೋಗುವ ಹೆದ್ದಾರಿಯಲ್ಲಿ ನನ್ನ ಸಹೋದ್ಯೋಗಿ ಮೋರಿ ಸಾನ್ ಅವರ ವ್ಯಾನು ಮುಂದೆ, ನಮ್ಮ ಕಾರು ಹಿಂದೆ. ವ್ಯಾನಿನ ಹಿಂಬದಿಗೆ ಸಿಕ್ಕಿಸಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ತಮ್ಮ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಬೆಲ್ಟು ಬಿಗಿದಿದ್ದರು. ಸುರಂಗದೊಳಗೆ ಒಂದು ಬೆಲ್ಟು ಬಿಚ್ಚಿಕೊಂಡು ಪಟಪಟ ಬಡಿಯತೊಡಗಿತು. ಬೈಕು ನಮ್ಮ ಕಡೆಗೇ ವಾಲಿತು.

ನಿಧಾನ ಮಾಡೋಣವೆಂದರೆ ಹಿಂದೆ ಲಾರಿ ಅಂಟಿಕೊಂಡಿತ್ತು.

"ರೀ, ಹಾರ್ನ್ ಹೊಡೀರಿ!" ಹೆಂಡತಿ ಕಿರುಚಿದಳು.

ಹೊಡೆದೆ. ಮೋರಿ ಸಾನ್ ಹಿಂದಿನ ದೀಪಗಳನ್ನು ಎರಡು ಸಲ ಮಿನುಗಿಸಿದರು.

"ಅಪ್ಪಾ, ಹೀ ಈಸ್ ಸೇಯಿಂಗ್ ಅರಿಗಾತೋ," ಎಂದಳು ಹಿಂದೆ ಕೂತಿದ್ದ ಮಗಳು.

ಇನ್ನೂ ಜೋರಾಗಿ ಹೊಡೆದೆ. ಮತ್ತೆ ಅದೇ ಅರಿಗಾತೋ, ಅದೇ ಧನ್ಯವಾದ. ಬೈಕು ಇನ್ನಷ್ಟು ಬಾಗಿತು.

ಸುರಂಗ ದಾಟಿದ ಮೇಲೆ ಪಕ್ಕದ ಲೇನು ಖಾಲಿ ಸಿಕ್ಕಿತು. ವ್ಯಾನಿನ ಸಮಕ್ಕೆ ಹೋದಾಗ ಮಗಳು ಕಿಟಕಿ ಇಳಿಸಿ, "ಅಬುನಾಯ್! ಬೈಕು!" ಎಂದು ಕೂಗಿದಳು. ಅಪಾಯ ಅಂದದ್ದು ಅವರಿಗೆ ಕೇಳಿಸಿತು. ವ್ಯಾನನ್ನು ಅಂಚಿಗೆ ನಿಲ್ಲಿಸಿದರು.

ಜೋತುಬಿದ್ದ ಬೈಕು ನೋಡಿ ಮೋರಿ ಸಾನ್ ಬಿಳಿಚಿಕೊಂಡರು. ಸೊಂಟ ಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ. ಹಿಂದೇನೇ ಇದ್ದೀವಿ ಅಂತ ಧೈರ್ಯ ಹೇಳ್ತಿದ್ದೀರಿ ಅಂದುಕೊಂಡೆ," ಎಂದರು.

ಬೈಕನ್ನು ನೆಟ್ಟಗೆ ಮಾಡಿ, ಹಗ್ಗ ಸುತ್ತಿ, "ಈಗ ಗಟ್ಟಿಯಾಗಿದೆ, ಹಿಂದೆ ಬನ್ನಿ," ಎಂದು ಕರೆದರು.

ನಾನು ಕಾರನ್ನು ಮುಂದೆ ಹಾಕಿದೆ. ಉಳಿದ ದಾರಿಯುದ್ದಕ್ಕೂ ಅವರೇ ನಮ್ಮ ಹಿಂದೆ ಬಂದರು.