ಕಾರಿನ ಸೀಟಿಗೆ ಜೀನಿನ ಎಣ್ಣೆ

ರಾಯ್ಸ್ ಹ್ಯಾಸ್ಕೆಟ್‌ನಿಗೆ ಹೆಂಡತಿ ವಿಚ್ಛೇದನ ಕೊಟ್ಟು ಬಹಳ ವರ್ಷಗಳಾಗಿದ್ದವು. ಅತ್ತೆ ಮಾತ್ರ ಇನ್ನೂ ಕೊಟ್ಟಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅವನು ತನ್ನ ಕಾರು ತೆಗೆದುಕೊಂಡು ಅವಳ ಮನೆಯ ಮುಂದೆ ನಿಲ್ಲಬೇಕು, ಅವಳನ್ನು ಚರ್ಚಿಗೆ ಕರೆದೊಯ್ಯಬೇಕು. ವಿನಿಫ್ರೆಡ್ ಓಕ್ಸ್ ಆ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಎಂಬತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ನಾಲಗೆಯಂತೂ ಮೊದಲೇ ಬಾಗುವ ಜಾತಿಯದಲ್ಲ. ಮಗಳು ಡೋರೀನ್ ಒಮ್ಮೆ, ಅಮ್ಮ, ಅವನನ್ನು ಇನ್ನಾದರೂ ಬಿಡಬಾರದೇ ಎಂದು ಕೇಳಿದ್ದಳಂತೆ. ನೀನು ಬಿಟ್ಟಿದ್ದು ಗಂಡನನ್ನು, ನಾನು ಬಿಡಬೇಕಾಗಿರುವುದು ಡ್ರೈವರನನ್ನು, ಎರಡೂ ಒಂದೇ ಅಲ್ಲ ಎಂದು ಅತ್ತೆ ಉತ್ತರ ಕೊಟ್ಟಳಂತೆ. ಈ ಮಾತನ್ನು ರಾಯ್ಸ್ ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ತನ್ನ ಬದುಕಿನಲ್ಲಿ ಯಾರಾದರೂ ತನ್ನನ್ನು ಉಳಿಸಿಕೊಳ್ಳಲು ವಾದ ಮಾಡಿದ್ದು ಅದೊಂದೇ ಸಲ ಎನ್ನುತ್ತಿದ್ದ.

ಅವನ ಕಸುಬು ಟೂಸಾನ್ ಪಟ್ಟಣದ ಮನೆಮನೆಯ ಈಜುಕೊಳಗಳನ್ನು ಶುಚಿಮಾಡುವುದು. ಹಿತ್ತಲಲ್ಲಿ ಕಳ್ಳಿ, ಅದರ ಪಕ್ಕದಲ್ಲಿ ನೀಲಿ ನೀರು. ಆ ನೀರಿನಿಂದ ಎಲೆ, ಜಿರಲೆ, ಒಮ್ಮೊಮ್ಮೆ ಹಾವಿನ ಮರಿಯನ್ನೂ ಎತ್ತಿ ಹಾಕುವ ಕೆಲಸ. ಇಡೀ ದಿನ ನೀರಿನ ಪಕ್ಕದಲ್ಲಿದ್ದೂ ತಾನು ಒಣಗಿಯೇ ಉಳಿದವನು ಎಂದು ಹೇಳಿಕೊಳ್ಳುತ್ತಿದ್ದ. ಅವನ ಕಾರಿನ ಸೀಟುಗಳೂ ಹಾಗೆಯೇ ಒಣಗಿದ್ದವು. ಕೆನೆ ಬಣ್ಣದ ಚರ್ಮ, ಅದರ ಮೇಲೆ ಚೌಕಳಿ ಚೌಕಳಿಯಾಗಿ ಹೊಲಿಗೆ. ಅರಿಜೋನಾದ ಬಿಸಿಲಿಗೆ ಅದು ಕೆರೆಯ ತಳದ ಹಾಗೆ ಬಿರುಕುಬಿಟ್ಟಿತ್ತು. ಆ ಬಿರುಕಿಗೆ ಸಿಕ್ಕಿ ಅತ್ತೆಯ ಕಾಲುಚೀಲ ಮೂರನೆಯ ಸಲ ಹರಿದಾಗ ಅವಳು ಹೆಚ್ಚೇನೂ ಹೇಳಲಿಲ್ಲ. ಮುಂದಿನ ಭಾನುವಾರ ತಾನು ಕೊನೆಯ ಸಲ ಆರ್ಗನ್ ನುಡಿಸುವುದು, ಆಮೇಲೆ ನಿವೃತ್ತಿ, ಅವತ್ತಿಗೆ ಹೊಸ ಸೂಟು ಹೊಲಿಸಿದ್ದೇನೆ ಎಂದಳು, ಅಷ್ಟೆ. ರಾಯ್ಸ್‌ಗೆ ಅರ್ಥವಾಯಿತು.

ಕಾರಿನ ಸಾಮಾನಿನ ಅಂಗಡಿಯಲ್ಲಿ ಚರ್ಮದ ಕಂಡೀಷನರ್‌ಗಳಿಗೆಂದೇ ಒಂದು ಗೋಡೆ ಇತ್ತು. ಒಂದರಲ್ಲಿ ಜೇನುಮೇಣವಂತೆ, ಇನ್ನೊಂದರಲ್ಲಿ ಲೋಳೆಸರವಂತೆ, ಮತ್ತೊಂದು ಬಿಸಿಲನ್ನು ತಡೆಯುತ್ತದಂತೆ. ಓದುವ ಕನ್ನಡಕ ಮನೆಯಲ್ಲಿತ್ತು, ದೊಡ್ಡ ಅಕ್ಷರ ಬಿಟ್ಟು ಉಳಿದದ್ದು ಇರುವೆ ಸಾಲು. ಯಾರನ್ನಾದರೂ ಕೇಳಬಹುದಿತ್ತು. ಆದರೆ ರಾಯ್ಸ್ ತಾರುಣ್ಯದಲ್ಲಿ ಒಂದು ಬೇಸಿಗೆ ಕುದುರೆ ಲಾಯದಲ್ಲಿ ದುಡಿದಿದ್ದ. ಲದ್ದಿ ಎತ್ತುವುದೇ ಹೆಚ್ಚಿನ ಕೆಲಸವಾಗಿದ್ದರೂ ಆ ಬೇಸಿಗೆಯ ಬಲದ ಮೇಲೆ ಚರ್ಮದ ವಿಷಯದಲ್ಲಿ ತಾನು ಪಂಡಿತ ಎಂದು ಅಲ್ಲಿಯವರೆಗೂ ನಂಬಿಕೊಂಡು ಬಂದಿದ್ದ. ಪಂಡಿತನಾದವನು ಲೋಳೆಸರ ಕೊಳ್ಳುತ್ತಾನೆಯೇ? ನೇರ ಕುದುರೆ ಮೇವಿನ ಅಂಗಡಿಗೆ ಹೋಗಿ ಜೀನಿಗೆ ಹಚ್ಚುವ ಎಣ್ಣೆಯ ಡಬ್ಬಿ ತಂದ. ದನದ ಕಾಲಿನ ಮೂಳೆ ಕುದಿಸಿ ತೆಗೆದ ಎಣ್ಣೆ. ಮುಚ್ಚಳ ತೆಗೆದರೆ ಲಾಯದ ವಾಸನೆ ಬಂತು. ಅವನಿಗೆ ಇಪ್ಪತ್ತರ ಪ್ರಾಯ ಮರಳಿ ಬಂದಂತಾಯಿತು. ಬುದ್ಧಿಯೂ ಆ ವಯಸ್ಸಿನದೇ ಬಂತು ಎಂಬುದು ಆಮೇಲೆ ಗೊತ್ತಾದದ್ದು.

ಶನಿವಾರ ಮಧ್ಯಾಹ್ನ, ಕಾರು ಬಿಸಿಲಲ್ಲಿ ನಿಂತು ಕಾದಿರುವಾಗಲೇ ಕೆಲಸಕ್ಕೆ ಇಳಿದ. ಬಿಸಿ ಇದ್ದರೆ ಚರ್ಮ ಎಣ್ಣೆಯನ್ನು ಚೆನ್ನಾಗಿ ಕುಡಿಯುತ್ತದೆ ಎಂಬುದು ಪಂಡಿತನ ಲೆಕ್ಕ. ಸೀಟುಗಳನ್ನು ಮೊದಲು ಒರೆಸಲಿಲ್ಲ. ಮರೆಯಲ್ಲೆಲ್ಲೋ ಚೂರು ಹಚ್ಚಿ ನೋಡಲಿಲ್ಲ. ಬಟ್ಟೆಗೂ ಹಾಕದೆ ಎಣ್ಣೆಯನ್ನು ನೇರವಾಗಿ ಸೀಟಿನ ಮೇಲೆ ಸುರಿದು ಅಂಗೈಯಿಂದ, ದೋಸೆ ಕಾವಲಿಗೆ ಸವರುವ ಹಾಗೆ ಸವರಿದ. ಕೆನೆ ಬಣ್ಣ ಬೆಲ್ಲದ ಬಣ್ಣಕ್ಕೆ ತಿರುಗಿತು. ಅದನ್ನು ಕಂಡು ಚರ್ಮಕ್ಕೆ ಜೀವ ಬಂತು ಎಂದು ಹಿಗ್ಗಿ ಇನ್ನೊಂದು ಕೈ ಹೊಡೆದ. ಸಂಜೆ ತಂಪಾದ ಮೇಲೆ ಬೆರಳಿಟ್ಟು ನೋಡಿದರೆ ಜಿಡ್ಡೇ ಇರಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕದಿದ್ದುದೊಂದೇ ಕೊರತೆ.

ಬೆಳಿಗ್ಗೆ ಅತ್ತೆ ತಿಳಿನೇರಳೆ ಸೂಟಿನಲ್ಲಿ ರಾಣಿಯ ಹಾಗೆ ಬಂದಳು. ಬಾಗಿಲು ತೆರೆದು ಮೂಗೆಳೆದುಕೊಂಡಳು.

"ಏನಯ್ಯಾ ಇದು, ಕಾರಲ್ಲಿ ದನ ಕಟ್ಟಿದ್ಯಾ?"

"ಚರ್ಮ ಅತ್ತೆ. ಅಸಲಿ ಚರ್ಮ ಹೀಗೇ ವಾಸನೆ ಬರೋದು."

"ಇಷ್ಟು ದಿನ ಇದ್ದಿದ್ದು ನಕಲೀನಾ ಹಾಗಾದ್ರೆ?" ಎನ್ನುತ್ತಾ ಅವಳು ಕುಳಿತಳು. ಮೊದಲ ತಿರುವಿನಲ್ಲೇ ಬಾಗಿಲ ಕಡೆಗೆ ಜಾರಿದಳು, ಎರಡನೆಯದರಲ್ಲಿ ಅವನ ಕಡೆಗೆ. ಬೆಲ್ಟು ಇದ್ದದ್ದರಿಂದ ಬಚಾವು. ಕಾಲುಚೀಲ ಮಾತ್ರ ಹರಿಯಲಿಲ್ಲ, ಅದನ್ನು ಅವಳೇ ಹೊಗಳಿದಳು. ದಾರಿಯುದ್ದಕ್ಕೂ ಬಿಸಿಲು ಗಾಜಿನಿಂದ ಒಳಗೆ ಸುರಿಯುತ್ತಿತ್ತು. ಹಿಂದಿನ ದಿನ ಹೊಲಿಗೆಯ ತೂತುಗಳಲ್ಲಿ ಇಳಿದು ಅಡಗಿದ್ದ ಎಣ್ಣೆ ಆ ಶಾಖಕ್ಕೆ ಮತ್ತೆ ಮೇಲೇಳುತ್ತಿತ್ತು. ಇಬ್ಬರ ಬೆನ್ನ ಹಿಂದೆ ನಡೆಯುತ್ತಿದ್ದ ಈ ವ್ಯವಹಾರ ಇಬ್ಬರಿಗೂ ಗೊತ್ತಾಗಲಿಲ್ಲ.

ಚರ್ಚಿನಲ್ಲಿ ಆರ್ಗನ್ ನುಡಿಸುವವರು ಜನರಿಗೆ ಬೆನ್ನು ಮಾಡಿ ಕೂರಬೇಕು. ಮೊದಲ ಸಾಲಿನಲ್ಲಿದ್ದ ರಾಯ್ಸ್ ಅವಳು ಕುಳಿತದ್ದೇ ತಡ ಕಣ್ಣರಳಿಸಿದ. ತಿಳಿನೇರಳೆ ಸೂಟಿನ ಬೆನ್ನ ಮೇಲೆ ಅವನ ಸೀಟು ಅಚ್ಚೊತ್ತಿತ್ತು. ಚೌಕಳಿ, ಚೌಕಳಿ, ನಡುವೆ ಹೊಲಿಗೆಯ ಚುಕ್ಕಿ, ಎಲ್ಲವೂ ಬೆಲ್ಲದ ಬಣ್ಣದಲ್ಲಿ ಸ್ಪಷ್ಟ. ಹಿಂದಿನ ಸಾಲುಗಳಲ್ಲಿ ಪಿಸುಮಾತು ಶುರುವಾಯಿತು. ಮೊದಲ ಹಾಡು ಮುಗಿಯುವ ಹೊತ್ತಿಗೆ ಅವನ ಅಂಗಿಯ ಕೊರಳು ಬೆವರಿನಿಂದ ನೆನೆದಿತ್ತು. ಒಂದು ಜನ್ಮವಿಡೀ ನುಡಿಸಿದ ಹೆಂಗಸು, ಕೊನೆಯ ದಿನ, ಊರಿಗೆಲ್ಲ ಬೆನ್ನು ತೋರಿಸಿಕೊಂಡು ಹೀಗೆ ಕೂತಿದ್ದಾಳೆ. ಕಾರಣ ತಾನು, ತನ್ನ ಒಂದು ಬೇಸಿಗೆಯ ಲದ್ದಿ ಪಾಂಡಿತ್ಯ. ಅವನಿಗೆ ಕೂರಲಾಗಲಿಲ್ಲ. ಎರಡನೆಯ ಹಾಡಿನ ನಡುವೆ ಎದ್ದ, ಎಲ್ಲರ ಮುಂದೆ ನಡೆದು ಹೋದ, ತನ್ನ ಮರಳು ಬಣ್ಣದ ಕೋಟು ಬಿಚ್ಚಿ ಅವಳ ಹೆಗಲ ಮೇಲೆ ಹೊದಿಸಿದ.

"ನನಗೆ ಚಳಿ ಅಂತ ಯಾರು ಹೇಳಿದ್ರು?" ಕೈ ನಿಲ್ಲಿಸದೆ ಅತ್ತೆ ಕೇಳಿದಳು.

"ಸುಮ್ನೆ ಇರ್ಲಿ ಅತ್ತೆ. ನೀವು ನುಡಿಸಿ."

ಆಗ ಹಿಂದೆ ಯಾರೋ ಕಿಸಕ್ಕೆಂದರು. ಹಾಡುತ್ತಿದ್ದವರ ದನಿ ಒಂದೊಂದಾಗಿ ಕಡಿಮೆಯಾಯಿತು. ರಾಯ್ಸ್ ಕೋಟಿನ ಬೆನ್ನು ನೋಡಿದ. ಅತ್ತೆಗಿಂತ ದಪ್ಪ ಆಸಾಮಿ ಅವನು. ಅವನ ಅಚ್ಚು ಅವಳದಕ್ಕಿಂತ ಇಮ್ಮಡಿ ಕಪ್ಪಾಗಿ, ಇಮ್ಮಡಿ ಅಗಲವಾಗಿ ಬಿದ್ದಿತ್ತು. ಇನ್ನು ಪ್ಯಾಂಟಿನ ಹಿಂಭಾಗ ಹೇಗಿರಬಹುದೆಂದು ಹೊಳೆದಾಗ ಅವನು ಜನರ ಕಡೆಗೆ ಮುಖ ಮಾಡಿಕೊಂಡೇ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ಜಾಗಕ್ಕೆ ಮರಳಿದ. ಹೋಗುವಾಗ ಎಲ್ಲರೂ ನೋಡಿಯಾಗಿತ್ತು ಎಂಬುದು ಬೇರೆ ಮಾತು. ಜನ ನಕ್ಕರು, ನಗುತ್ತಲೇ ಮತ್ತೆ ಹಾಡಿದರು. ಆರ್ಗನ್ ಮಾತ್ರ ಒಂದು ಸ್ವರವನ್ನೂ ತಪ್ಪಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಊಟದ ಹಾಲಿನಲ್ಲಿ ಡೋರೀನ್ ಅವನ ಬಳಿ ಬಂದಳು. ಕಣ್ಣೊರೆಸಿಕೊಳ್ಳುತ್ತಿದ್ದಳು, ಅಳುವಿನಿಂದಲ್ಲ.

"ಮದುವೆ ಇದ್ದಷ್ಟು ದಿನ ನನ್ನನ್ನ ಇಷ್ಟು ನಗಿಸಿದ್ದಿದ್ರೆ ಬಿಡೋ ಮುಂಚೆ ಇನ್ನೊಂದ್ಸಲ ಯೋಚನೆ ಮಾಡ್ತಿದ್ದೆ ರಾಯ್ಸ್."

"ಆಗ ಇಷ್ಟು ಎಣ್ಣೆ ಇರ್ಲಿಲ್ಲ" ಎಂದ ಅವನು.

ಅತ್ತೆ ಕನ್ನಡಿಯ ಮುಂದೆ ನಿಂತು ಸೂಟನ್ನೂ ಕೋಟನ್ನೂ ನೋಡಿ ಬಂದಿದ್ದಳು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಬೀಳ್ಕೊಡುಗೆಯ ಭಾಷಣಗಳಲ್ಲಿ ತನ್ನನ್ನು ಆಗಲೇ ಸತ್ತವಳ ಹಾಗೆ ಹೊಗಳಿ ಅಳಿಸುತ್ತಾರೆಂದು ಹೆದರಿದ್ದೆ, ಈಗ ಯಾರಿಗೂ ಅಳುವ ಮುಖವೇ ಉಳಿದಿಲ್ಲ, ಒಳ್ಳೆಯದೇ ಆಯಿತು ಎಂದಳು. ಆಮೇಲೆ ಆಲೂಗಡ್ಡೆ ಸಲಾಡು ಬಡಿಸಿಕೊಳ್ಳುತ್ತಾ, ಶನಿವಾರ ಸರಿಯಾದ ಸಾಮಾನು ತಗೊಂಡು ಮನೆಗೆ ಬಾ ಎಂದಳು.

ಶನಿವಾರ ಅವಳ ಮನೆಯ ತಗಡಿನ ಮಾಡಿನ ಕೆಳಗೆ, ನೆರಳಲ್ಲಿ, ಕಾರು ನಿಂತಿತು. ಅತ್ತೆ ಮಡಚುವ ಕುರ್ಚಿ ಹಾಕಿಕೊಂಡು ಕುಳಿತು, ಭೂತಗನ್ನಡಿ ಹಿಡಿದು ಅವನು ತಂದ ಕಂಡೀಷನರ್ ಬಾಟಲಿಯ ಸಣ್ಣಕ್ಷರ ಓದಿ ಓದಿ ಹೇಳಿದಳು. ಸೀಟಿನ ಮೇಲೆ ಎಣ್ಣೆ ತಾಗದ ಕಡೆ ಒಂದು ಹನಿ ನೀರು ಹಾಕು ಎಂದಳು. ಹನಿ ಇಂಗದೆ ಮಣಿಯ ಹಾಗೆ ನಿಂತಿತು. ಚರ್ಮದ ಮೇಲೆ ಬಣ್ಣದ ಪದರ ಇದೆ ಎಂದು ಅದರ ಅರ್ಥವಂತೆ. ಅಂಥದ್ದಕ್ಕೆ ಎಣ್ಣೆ ಹಿಡಿಸುವುದಿಲ್ಲ, ಬಿರುಕು ಹೊಲಿಗೆಗಳಲ್ಲಿ ಕೂತು ಹೊರಬರುತ್ತದೆ, ನೀರಿನಂಶದ ತೆಳು ಕಂಡೀಷನರ್ ಸಾಕು. ರಾಯ್ಸ್ ಮೊದಲು ಸೋಪಿನ ನೊರೆ, ಮೆತ್ತನೆಯ ಬ್ರಶ್ಶು ಹಿಡಿದು ಸೀಟು ತೊಳೆದ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿದ. ಸೀಟಿನ ಅಡಿಯಲ್ಲಿ ಕಾಣದ ಕಡೆ ಚೂರು ಹಚ್ಚಿ, ಕಾಫಿ ಕುಡಿಯುವವರೆಗೆ ಕಾದು, ಬಣ್ಣ ಬದಲಾಗಲಿಲ್ಲವೆಂದು ನೋಡಿ, ಆಮೇಲೆ ಹಳೇ ಬನಿಯನ್ ತುಂಡಿಗೆ ಕಡಲೆಕಾಳಿನಷ್ಟು ಹಾಕಿಕೊಂಡು ತೆಳ್ಳಗೆ ತಿಕ್ಕಿದ. ಇನ್ನೂ ಹಾಕಲೇ ಎಂದು ಕೈ ತುರಿಸುತ್ತಿತ್ತು.

"ಸಾಕು" ಎಂದಳು ಅತ್ತೆ.

"ಸ್ವಲ್ಪ ಒಣಗಿದ ಹಾಗೆ ಕಾಣುತ್ತೆ ಅತ್ತೆ."

"ನಾನೂ ಹಾಗೇ ಕಾಣ್ತೀನಿ. ನನಗೂ ಸುರೀತೀಯಾ?"

ಅವನು ಮುಚ್ಚಳ ಹಾಕಿದ. ಕೆನೆ ಬಣ್ಣ ಪೂರ್ತಿ ಮರಳಲಿಲ್ಲ. ಹಳೆಯ ಬಿರುಕುಗಳ ಒಳಗೆ ಬೆಲ್ಲದ ಗೆರೆ ಉಳಿದೇಹೋಯಿತು, ಅದನ್ನು ತೆಗೆಯುವ ಕಂಡೀಷನರ್ ಇಲ್ಲವೆಂದು ಬಾಟಲಿಯೂ ಒಪ್ಪಿಕೊಂಡಿತ್ತು. ಆದರೆ ಮುಟ್ಟಿದರೆ ಮೆತ್ತಗಿತ್ತು, ಕೈಗೆ ಏನೂ ಅಂಟಲಿಲ್ಲ.

ಬಟ್ಟೆಗಳನ್ನು ಮಡಚಿಡುವಾಗ, ಇನ್ನು ಭಾನುವಾರ ನೀವು ಬೇಗ ಹೋಗಬೇಕಿಲ್ಲವಲ್ಲ, ನಾನು ಬರಬೇಕೋ ಬೇಡವೋ ಎಂದು ಅವನು ಕೇಳಿದ. ತಮಾಷೆಯ ದನಿ ತರಲು ನೋಡಿದ, ಬರಲಿಲ್ಲ. ಅತ್ತೆ ಕುರ್ಚಿ ಮಡಚಿ ಅವನ ಕೈಗೆ ಕೊಟ್ಟಳು.

"ಹೊಸ ಹುಡುಗಿ ಹೆಂಗೆ ನುಡಿಸ್ತಾಳೋ ಕೇಳೋಕೆ ಬೇಡ್ವಾ? ಹತ್ತಕ್ಕೆ ಬಾ. ಕಪ್ಪು ಪ್ಯಾಂಟು ಹಾಕ್ಕೊಂಡು ಬಾ."