ನೀಲಕ್ಕ ಎಣಿಸಿದ್ದು ಸರಿಯಿತ್ತು

ನೀಲಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಆಕೆಯ ಎಣಿಕೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಬರೆದ ಕಂಪ್ಯೂಟರ್ ಸ್ಕ್ರಿಪ್ಟ್ — ಮತ್ತು ಅದು ಗೊತ್ತಾದ ಮೇಲೂ ಹದಿನೈದು ವರ್ಷ ಬಾಯಿ ಬಿಡದ ನಾನು.

ಕುಷ್ಟಗಿಯ ಹೊರಗೆ ಒಂದು ಬೀಜದ ಕಂಪನಿ. ನಾನಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದೆ. ನೀಲಕ್ಕ ಮೊಳಕೆ ಎಣಿಸುತ್ತಿದ್ದಳು. ಒದ್ದೆ ಕಾಗದದ ಸುರುಳಿ ಬಿಚ್ಚಿ, ನೂರು ಬೀಜಗಳಲ್ಲಿ ಎಷ್ಟು ಮೊಳೆತಿವೆ ಎಂದು ಲಾಟಿಗೊಂದು, ಅಂದರೆ ಬೀಜದ ಒಂದೊಂದು ಕಂತಿಗೊಂದು, ಚೀಟಿ ಬರೆಯುವಳು. ಮೊದಮೊದಲು ಆಕೆ ಚೀಟಿ ಓದಿ ಹೇಳುವಳು, ನಾನು ಕಂಪನಿಯ ಸಾಫ್ಟ್‌ವೇರಿನಲ್ಲಿ ಒಂದೊಂದಾಗಿ ತುಂಬುವೆ. ನಡುನಡುವೆ ಆಕೆಯ ಎಮ್ಮೆಯ ಸುದ್ದಿ, ಸೊಸೆಯ ಸುದ್ದಿ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ನನಗೆ ದಿನವಿಡೀ ಕೇಳುತ್ತಿದ್ದ ಮನುಷ್ಯರ ದನಿ ಅದೊಂದೇ.

ಆದರೂ ನನಗೆ ಅವಸರ — ಜಾಣೆ ಅನ್ನಿಸಿಕೊಳ್ಳುವ ಆಸೆ. ಒಂದು ಪಟ್ಟಿಯಲ್ಲಿ ಅಂಕಿಗಳನ್ನು ಟೈಪ್ ಮಾಡಿಟ್ಟರೆ, ಕೀಲಿಗಳನ್ನು ತಾನೇ ಒತ್ತಿ ಅವನ್ನು ಸಾಫ್ಟ್‌ವೇರಿನಲ್ಲಿ ತುಂಬುವ ಸ್ಕ್ರಿಪ್ಟ್ ಬರೆದೆ. ಅದನ್ನು ಓಡಲು ಬಿಟ್ಟು ಚಹಾ ಕುಡಿಯಲು ಹೋಗಬಹುದಿತ್ತು.

"ಚೀಟಿ ಇಟ್ಟು ಹೋಗಕ್ಕಾ, ಇನ್ನ ಓದೂದು ಬ್ಯಾಡ" ಎಂದೆ. ಆಕೆ ಚೀಟಿಗಳನ್ನು ಮೇಜಿನ ಮೇಲಿಟ್ಟು ಹೋದಳು.

ಕೆಲವು ತಿಂಗಳಾದ ಮೇಲೆ ರೈತರು ಗೇಟಿಗೆ ಬಂದರು. ಬಿತ್ತಿದ್ದು ಮೊಳೆತಿರಲಿಲ್ಲ. ಕೆಟ್ಟ ಲಾಟುಗಳು ಪಾಸಾಗಿದ್ದವು, ಒಳ್ಳೆಯವು ಗೋದಾಮಿನಲ್ಲಿ ಉಳಿದಿದ್ದವು. ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು.

"ನಾ ಎರಡೆರಡು ಸಲ ಎಣಿಸೇನ್ರಿ ಸಾಹೇಬ್ರ" ಎಂದಳು ನೀಲಕ್ಕ.

ಅವರು ನನ್ನ ಕಡೆ ನೋಡಿದರು. ನಾನು ಹೇಳಿದೆ: "ಕಂಪ್ಯೂಟರ್ ತಪ್ಪು ಮಾಡಂಗಿಲ್ಲರಿ ಸರ್."

ಅಷ್ಟೇ ಮಾತು. ಆ ಹೊತ್ತಿಗೆ ನಾನದನ್ನು ನಂಬಿದ್ದೆ — ನಂಬಿದ್ದೆನೇ? ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ ಎಂಬುದಂತೂ ಗೊತ್ತಿತ್ತು.

"ವಯಸ್ಸಾತು ನೀಲಮ್ಮ, ಕಣ್ಣು ಸೋತಾವ. ನಾಳಿಂದ ಗೋದಾಮಿನ್ಯಾಗ ಕಸ ಹೊಡೀರಿ" ಎಂದರು ಮ್ಯಾನೇಜರ್.

ಮರುವಾರ ಮಧ್ಯಾಹ್ನ ಚಹಾಕ್ಕೆ ಹೋಗದೆ ಸ್ಕ್ರಿಪ್ಟ್ ಓಡುವುದನ್ನು ನೋಡುತ್ತ ಕೂತೆ. ಒಂದು ಲಾಟಿಗೆ ಸಾಫ್ಟ್‌ವೇರ್ ಪರದೆಯ ಮೇಲೆ ಸಣ್ಣದೊಂದು ಪೆಟ್ಟಿಗೆ ತೆರೆದು ಏನೋ ಕೇಳಿತು. ಸ್ಕ್ರಿಪ್ಟಿಗೆ ಅದರ ಅರಿವೇ ಇಲ್ಲ. ಅದು ಒತ್ತಿದ ಕೀಲಿಯನ್ನು ಆ ಪೆಟ್ಟಿಗೆ ನುಂಗಿತು. ಅಲ್ಲಿಂದ ಮುಂದೆ ಪ್ರತಿ ಲಾಟಿನ ಅಂಕಿಯೂ ಪಕ್ಕದ ಲಾಟಿನ ಹೆಸರಿಗೆ ಕೂತಿತು. ರೈತರು ದೂರು ತಂದ ಲಾಟುಗಳ ಹಳೆಯ ಪಟ್ಟಿ ತೆಗೆದು ನೀಲಕ್ಕನ ಚೀಟಿಗಳ ಜೊತೆ ಹೋಲಿಸಿದೆ. ಅಲ್ಲೂ ಹಾಗೆಯೇ, ಒಂದೊಂದು ಸಾಲು ಕೆಳಗೆ. ನೀಲಕ್ಕನ ಒಂದು ಅಂಕಿಯೂ ತಪ್ಪಿರಲಿಲ್ಲ.

ಪೆಟ್ಟಿಗೆ ಬಂದರೆ ನಿಲ್ಲು ಎಂದು ಸ್ಕ್ರಿಪ್ಟಿಗೆ ಎರಡು ಸಾಲು ಸೇರಿಸಿದೆ. ಮ್ಯಾನೇಜರ್ ಕೋಣೆಯ ಬಾಗಿಲವರೆಗೆ ಹೋದೆ... ವಾಪಸ್ ಬಂದೆ.

ನೀಲಕ್ಕ ಮಾತ್ರ ಕಣ್ಣು ಸೋತಿವೆ ಎಂಬ ಮಾತನ್ನು ಪೂರ್ತಿ ನಂಬಿಬಿಟ್ಟಳು. ದೊಡ್ಡ ಕನ್ನಡಕ ಬಂತು. ಅಕ್ಕಿ ಆರಿಸುವುದನ್ನು ಸೊಸೆಗೆ ಬಿಟ್ಟಳಂತೆ. ಪೊರಕೆ ಹಿಡಿದು ಗುಡಿಸಿದಲ್ಲೇ ಮತ್ತೆ ಗುಡಿಸುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೇನೆ. ಊಟಕ್ಕೆ ಬಾ ಎಂದು ಕರೆಯುತ್ತಲೇ ಇದ್ದಳು. ಕೆಲಸವಿದೆ ಎಂದು ನಾನು ಒಬ್ಬಳೇ ಉಂಡೆ. ಒಂದು ದಿನ ಹೇಳದೆ ಕೆಲಸ ಬಿಟ್ಟಳು.

ಹೋದ ತಿಂಗಳು ಆಕೆಯ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದಳು. ದನಿಯಿಂದ ಗುರುತು ಹಿಡಿದಳು — ಈಗ ನಿಜಕ್ಕೂ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಲ್ಲವನ್ನೂ ಹೇಳಿದೆ. ಆಕೆ ಕೇಳಿದಳು:

"ಹಂಗಾರ ಅವತ್ತು ನನಗ ಕಾಣ್ತಿತ್ತೇನವಾ?"

"ಕಾಣ್ತಿತ್ತಕ್ಕಾ."

"ನನಗೂ ಹಂಗ ಅನಸ್ತಿತ್ತು. ಓದಿದಾಕಿ ನೀ ಹೇಳಿದಿ ಅಂತ ಸುಮ್ನಾದೆ."

ಬಸ್ಸಿನ ಹೊತ್ತಾಗುವವರೆಗೆ ಪಕ್ಕದಲ್ಲೇ ಕೂತಿದ್ದೆ. ಎದ್ದು, "ಹೋಗಿ ಬರ್ತೇನಕ್ಕಾ" ಎಂದೆ.

ಬಾ ಅನ್ನಲಿಲ್ಲ.