ಹಿಡಿ ಅಕ್ಕಿ ಯಾರ ಪಾಲಿನದು?

ಕಳೆದ ಭಾನುವಾರ ನಾನು ದೇವಾಲಯದಲ್ಲಿ ಎಲ್ಲರೆದುರು ಎದ್ದು ನಿಂತು ಒಂದು ಸುಳ್ಳು ಹೇಳಿದೆ.

ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮರುದಿನ, ಅಕ್ಕಿಯ ಡಬ್ಬಿಗೆ ಕೈ ಹಾಕಿದಾಗ.

ಮೊದಲಿನಿಂದಲೇ ಹೇಳುತ್ತೇನೆ. ಹೊಸ ವರ್ಷದ ಬೆಳಿಗ್ಗೆ ನಮ್ಮ ಸಭೆಯಲ್ಲಿ ಒಂದು ಪದ್ಧತಿ ಉಂಟು. ಆರಾಧನೆ ಮುಗಿಯುವ ಮೊದಲು ಅಯ್ಯನವರು (ಪಾದ್ರಿಗಳನ್ನು ನಾವು ಕರೆಯುವುದು ಹಾಗೆ) ಒಬ್ಬೊಬ್ಬರಿಗೂ ಒಂದು ಚೀಟಿ ಕೊಡುತ್ತಾರೆ. ಬರುವ ವರ್ಷ ದೇವರಿಗಾಗಿ ಏನು ಮಾಡುತ್ತೀರಿ ಎಂದು ಅದರಲ್ಲಿ ಬರೆದು, ಮಡಚಿ, ಕಾಣಿಕೆಯ ತಟ್ಟೆಗೆ ಹಾಕಬೇಕು. ಯಾರೂ ಬಿಚ್ಚಿ ಓದುವುದಿಲ್ಲ. ಪ್ರಾರ್ಥನೆ ಮಾಡಿ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ವರ್ಷದ ಕೊನೆಯ ಭಾನುವಾರ, ಚೀಟಿಯ ಮಾತು ನಡೆಸಿದವರು ಎದ್ದು ಸಾಕ್ಷಿ ಹೇಳಬಹುದು. (ನಡೆಸದವರು ಆ ದಿನ ನೆಲ ನೋಡುತ್ತ ಕೂತಿರುತ್ತಾರೆ. ಬಹುಮತ ಅವರದೇ.)

ಹೋದ ಹೊಸ ವರ್ಷಕ್ಕೆ ನಾನು ಬರೆದದ್ದು ಹಿಡಿ ಅಕ್ಕಿಯ ಮಾತು. ಅದೇನೂ ನಮ್ಮ ಹೆಂಗಸರಿಗೆ ಹೊಸದಲ್ಲ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವುದು, ತಿಂಗಳಿಗೊಮ್ಮೆ ಆ ಮಡಕೆಯನ್ನು ದೇವಾಲಯಕ್ಕೆ ಒಯ್ಯುವುದು. ಸಭೆಯ ಬಡವರ ಮನೆಗೆ ಅದು ಹೋಗುತ್ತದೆ. ಆದರೆ ಯುದ್ಧ ಸುರುವಾಗಿ, ರೇಷನ್ ಕಾರ್ಡು ಬಂದ ಮೇಲೆ ಹೆಚ್ಚಿನ ಮನೆಗಳಲ್ಲಿ ಆ ಮಡಕೆ ಬೋರಲು ಬಿದ್ದಿತ್ತು. ಕಾರ್ಡಿನ ಅಕ್ಕಿಯಲ್ಲಿ ಹಿಡಿ ತೆಗೆಯುವುದು ಹೇಗೆ? ನಮ್ಮದು ಐದು ಹೊಟ್ಟೆ. ಶಾಲೆಯಲ್ಲಿ ಮಾಸ್ತರಾಗಿರುವ ನನ್ನ ಯಜಮಾನರು, ಇಬ್ಬರು ಹೆಣ್ಣುಮಕ್ಕಳು, ಅತ್ತೆ, ನಾನು. ಮುಂದಿನ ಅಕ್ಕಿ ಸಿಗುವ ದಿನದವರೆಗೆ ಡಬ್ಬಿಯ ತಳ ಕಾಣದಿದ್ದರೆ ಅದೇ ಪುಣ್ಯ.

ಆದರೂ ಬರೆದೆ. ದಿನಕ್ಕೊಂದು ಹಿಡಿ. ಬರೆದದ್ದನ್ನು ಮನೆಗೆ ಬರುವ ದಾರಿಯಲ್ಲೇ ಎಲ್ಲರಿಗೂ ಹೇಳಿದೆ ಕೂಡ. ಗುಟ್ಟು ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ, ಅದು ಈ ಪತ್ರಿಕೆಯಲ್ಲಿ ನನ್ನನ್ನು ಓದುವ ನಿಮಗೇ ಗೊತ್ತಲ್ಲ?

ಅತ್ತೆ ಏನೂ ಬರೆಸಿರಲಿಲ್ಲ. ಅವರು ಕೊಕ್ಕರ್ಣೆ ಕಡೆಯವರು, ಅಕ್ಷರ ಕಲಿತವರಲ್ಲ. ನಾನು ಬರೆದುಕೊಡಲಾ ಎಂದು ಕೇಳಿದರೂ ತಲೆಯಾಡಿಸಿ, ಖಾಲಿ ಚೀಟಿಯನ್ನೇ ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕಿದ್ದರು. ನನಗೆ ನಾಚಿಕೆಯಾಯಿತು. ದೇವರಿಗೆ ಬರೀ ಕಾಗದ ಕೊಟ್ಟದ್ದಾ ಎಂದು ದಾರಿಯಲ್ಲಿ ಚುಚ್ಚಿದೆ.

“ನಂಗ್ ಬರೂಕೆ ಬತ್ತಿಲ್ಲೆ,” ಎಂದರು ಅತ್ತೆ. “ಅವ್ನಿಗ್ ಓದೂಕೆ ಬತ್ತ್ ಅಲ್ದಾ?”

ಯಜಮಾನರು ನಕ್ಕರು. ನಾನು ನಗಲಿಲ್ಲ. ಬರೆದವಳು ನಾನು ತಾನೆ?

ಆಮೇಲೆ ನಡೆದದ್ದು ನನ್ನ ಕಣ್ಣಾರೆ ಕಂಡದ್ದು. ಪ್ರತಿದಿನ ಮಧ್ಯಾಹ್ನದ ಅಡುಗೆಗೆ ಅಕ್ಕಿ ಅಳೆದು, ಮೇಲೆ ಇನ್ನೊಂದು ಹಿಡಿ ತೆಗೆದು ಮಡಕೆಗೆ ಹಾಕಿದೆ. ಒಂದು ದಿನವೂ ತಪ್ಪಿಸಲಿಲ್ಲ. ಡಬ್ಬಿ ಬೇಗ ಬರಿದಾಗಬೇಕಿತ್ತಲ್ಲ? ಆಗಲಿಲ್ಲ! ಹಿಡಿ ತೆಗೆಯದಿದ್ದ ಕಾಲದಲ್ಲಿ ಯಾವ ದಿನದವರೆಗೆ ಬರುತ್ತಿತ್ತೋ, ತೆಗೆದರೂ ಅದೇ ದಿನದವರೆಗೆ ಬಂತು. ಬೇಸಿಗೆ ಕಳೆಯಿತು. ಆಟಿ ತಿಂಗಳ ಮಳೆ ಬಂತು, ಹೋಯಿತು. ಡಬ್ಬಿ ಕೈ ಬಿಡಲಿಲ್ಲ. ಬೈಬಲಿನ ಕಥೆಯಲ್ಲಿ, ಬರಗಾಲದಲ್ಲಿ ಪ್ರವಾದಿಗೆ ರೊಟ್ಟಿ ಸುಟ್ಟುಕೊಟ್ಟ ವಿಧವೆಯ ಮನೆಯಲ್ಲಿ ಹಿಟ್ಟು ತೀರಲೇ ಇಲ್ಲವಂತೆ. ಆ ಕಥೆ ಚಿಕ್ಕಂದಿನಿಂದ ಕೇಳಿದವಳು ನಾನು. ನಮ್ಮ ಅಡುಗೆಕೋಣೆಯಲ್ಲೇ ಅದು ನಡೆಯುತ್ತದೆಂದು ಯಾರು ಎಣಿಸಿದ್ದರು?

ಇದನ್ನೇ ಕಳೆದ ಭಾನುವಾರ ಎದ್ದು ಹೇಳಿದೆ. ತೆಗೆದಷ್ಟನ್ನೂ ದೇವರು ತುಂಬಿಸಿದ ಎಂದೆ. ಹಿಂದಿನ ಬೆಂಚಿನವರೂ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಖಾಲಿ ಚೀಟಿ ಕೊಟ್ಟವರು ಮತ್ತೇನು ಮಾಡಿಯಾರು ಎಂದುಕೊಂಡೆ. (ಹೌದು, ದೇವಾಲಯದ ಒಳಗೇ ಹಾಗೆ ಎಣಿಸಿದೆ.)

ಹೊರಗೆ ಬಂದಾಗ ಸಲೋಮಿ ನನ್ನ ಕೈ ಹಿಡಿದುಕೊಂಡಳು. ಗಂಗೊಳ್ಳಿಯವಳು, ಪ್ರತಿ ಭಾನುವಾರ ದೋಣಿ ದಾಟಿ ಬರುತ್ತಾಳೆ. ಗಂಡ ಪಟ್ಟಾಳಕ್ಕೆ ಸೇರಿ ಯುದ್ಧಕ್ಕೆ ಹೋದವನು, ಕಾಗದ ಬಂದು ಎಷ್ಟೋ ತಿಂಗಳಾಯಿತು. ಮೂರು ಮಕ್ಕಳು. ಮೀನು ಒಣಗಿಸುವ ಕೆಲಸ. ಸಭೆಯ ಹಿಡಿ ಅಕ್ಕಿ ಹೋಗುವ ಮನೆಗಳಲ್ಲಿ ಅವಳದೂ ಒಂದು. ಆ ಸಲೋಮಿ ಹೇಳಿದ್ದೇನು? ಈ ಹೊಸ ವರ್ಷ ತಾನೂ ಹಿಡಿ ಅಕ್ಕಿಯ ಚೀಟಿ ಬರೆಯುತ್ತಾಳಂತೆ. ನಿಮಗೆ ತುಂಬಿಸಿದವನು ನನಗೆ ತುಂಬಿಸಲಾರನೇ ಎಂದಳು. ಖಂಡಿತ ಬರೆ ಎಂದೆ. ಗರ್ವದಿಂದ ಎರಡು ಗೇಣು ಎತ್ತರವಾಗಿ ಮನೆಗೆ ಬಂದೆ.

ಮರುದಿನ ಸೋಮವಾರ. ಅತ್ತೆ ಬೆಳಿಗ್ಗೆಯಿಂದ ಅಂಗಳದಲ್ಲಿ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಕೇಳಿದರೆ ಎಂತದೂ ಇಲ್ಲೆ ಎಂದರು. ನಾನು ಮಧ್ಯಾಹ್ನದ ಅಡುಗೆಗೆ ಅಕ್ಕಿ ತೆಗೆದು ಮೊರಕ್ಕೆ ಸುರಿದೆ. ಕೆಂಪು ಕುಚ್ಚಲಕ್ಕಿಯ ನಡುವೆ ಒಂದು ಚಿನ್ನದ ಉಂಗುರ!

ನಿಜ ಹೇಳುತ್ತೇನೆ, ನಗಬೇಡಿ. ದೇವರು ಅಕ್ಕಿಯ ಜೊತೆ ಈಗ ಚಿನ್ನವನ್ನೂ ಕಳಿಸತೊಡಗಿದನೇ ಎಂದು ಒಂದು ಗಳಿಗೆ ನನಗನಿಸಿತು.

ಆಮೇಲೆ ಗುರುತು ಸಿಕ್ಕಿತು. ಸವೆದ ಪುಟ್ಟ ಶಿಲುಬೆಯ ಗೀರು. ಅತ್ತೆಯ ಮದುವೆಯ ಉಂಗುರ. ಮಾವ ತೀರಿಕೊಂಡ ವರ್ಷ ಅತ್ತೆಯ ಬೆರಳು ಬಾತಾಗ ಇದನ್ನು ತೆಗೆಯಲು ಸಾಬೂನು, ತೆಂಗಿನೆಣ್ಣೆ ಎಲ್ಲ ಹಾಕಿ ಸೋತಿದ್ದೆವು. ಅಂಥ ಉಂಗುರ ತಾನಾಗಿ ಜಾರುವುದು ಹೇಗೆ?

ಅಂಗಳಕ್ಕೆ ಹೋಗಿ ಅತ್ತೆಯ ಕೈ ಹಿಡಿದು ನೋಡಿದೆ. ಒಂದೇ ಮನೆಯಲ್ಲಿದ್ದೂ ವರ್ಷವಿಡೀ ಆ ಕೈಯನ್ನು ನಾನು ನೋಡಿರಲಿಲ್ಲ. ಬೆರಳಲ್ಲ ಅದು, ತೆಂಗಿನ ಗರಿಯ ಕಡ್ಡಿ.

ನನ್ನ ಕೈಯಲ್ಲಿ ಉಂಗುರ ಕಂಡು, ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅಕ್ಕಿ ಡಬ್ಬಿಯಲ್ಲಿ ಎಂದೆ. ಅತ್ತೆ ಆಚೆ ಮುಖ ಮಾಡಿದರು. ಬಿಡದೆ ಕೇಳಿದ ಮೇಲೆ ಬಾಯಿ ಬಿಟ್ಟರು. ನಮ್ಮಲ್ಲಿ ರಾತ್ರಿಯ ಗಂಜಿಗೆ ಅಕ್ಕಿ ಹಾಕುವವರು ಅವರು. ಆ ಹೊತ್ತಿಗೆ ನಾನು ಬಾವಿಕಟ್ಟೆಯಲ್ಲಿರುತ್ತೇನೆ. ಐದು ಜನಕ್ಕೆಂದು ಅಳೆದದ್ದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ವಾಪಸು ಹಾಕುತ್ತಿದ್ದರಂತೆ. ಅದು ಅವರ ಪಾಲು. ಮುದುಕಿಗೆ ಹಸಿವು ಬೇಗ, ನನ್ನ ಊಟ ಆಯಿತು ಎಂದು ಒಲೆಯ ಬಳಿಯಿಂದ ಅವರು ಹೇಳುವಾಗ ನಾವು ನಂಬುತ್ತಿದ್ದೆವು. ಅವರು ಕುಡಿಯುತ್ತಿದ್ದದ್ದು ಗಂಜಿಯ ತಿಳಿ, ಒಂದು ಉಪ್ಪಿನ ಹರಳು ಹಾಕಿಕೊಂಡು. ಯಾವಾಗಿನಿಂದ? ನಾನು ಚೀಟಿ ಬರೆದ ದಿನದಿಂದ.

ಯಾಕೆ ಅತ್ತೆ ಎಂದೆ.

“ನೀ ದೇವ್ರಿಗ್ ಕೊಟ್ಟದ್ದ್ ಸಮ ಹೆಣ್ಣೇ,” ಎಂದರು. “ಆದ್ರೆ ಐದ್ ಜನ್ರ ಪಾಲಿಂದ ತೆಗ್ದ್ ಕೊಟ್ಟೆ. ಮಕ್ಳ್ ಬೆಳು ಪ್ರಾಯದವ್ವು. ನಿನ್ ಮಾತೂ ನಡೀಲಿ, ಅವ್ರ ಪಾಲೂ ಇರ್ಲಿ ಅಂದೆ.”

ಅಷ್ಟೇ. ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟು ಸುಲಭವಿತ್ತು!

ನಾವು ಮಾಡುವ ಪ್ರತಿಜ್ಞೆಗಳನ್ನೆಲ್ಲ ಒಂದೊಂದಾಗಿ ನೆನೆದೆ. ನನ್ನ ಹಿಡಿ ಅಕ್ಕಿಯ ಚೀಟಿಗೆ ಹಿಂದಿನ ವರ್ಷ ನಮ್ಮ ಯಜಮಾನರು ನಶ್ಯ ಬಿಡುತ್ತೇನೆಂದು ಚೀಟಿ ಬರೆದರು. ಬಿಟ್ಟರು ಕೂಡ. ಆಮೇಲೆ ಒಂದು ತಿಂಗಳು ಅವರ ಸಿಡುಕು ತಿಂದವರು ಯಾರು? ನಾನು, ಮಕ್ಕಳು ಮತ್ತು ಶಾಲೆಯ ಮೂರನೇ ಕ್ಲಾಸು. ಬೆಳಗಿನ ಜಾವ ಎದ್ದು ಪ್ರಾರ್ಥಿಸುತ್ತೇನೆಂದು ಚೀಟಿ ಬರೆಯುವವರಿದ್ದಾರೆ. ಅವರಿಗೆ ದೀಪ ಹಚ್ಚಿ ಕಾಫಿ ಕಾಸಿ ಕೊಡಲು ಅದಕ್ಕಿಂತ ಮೊದಲೇ ಎದ್ದವಳು ಯಾವ ಚೀಟಿ ಬರೆದಿದ್ದಳು? ಬರೆಯುವ ಕೈ ಒಂದು, ನೋಯುವ ಹೊಟ್ಟೆ ಇನ್ನೊಂದು.

ನನ್ನ ಸಾಕ್ಷಿ ಸುಳ್ಳಾಯಿತಲ್ಲ ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು.

“ಸುಳ್ಳ್ ಎಂತಕೆ? ತುಂಬ್ಸದ್ದ್ ಅವ್ನೇ. ಕೈ ಯಾರದ್ದಾರೆ ಎಂತ?”

ಒಂದು ವರ್ಷ ನಾನು ಡಬ್ಬಿಯ ಮುಂದೆ ನಿಂತು ಅದ್ಭುತ ಹುಡುಕಿದ್ದೆ. ಅದು ನನ್ನ ಬೆನ್ನ ಹಿಂದೆ, ಒಲೆಯ ಬಳಿ, ಮಣೆ ಹಾಕಿಕೊಂಡು ತಿಳಿ ಕುಡಿಯುತ್ತಿತ್ತು. ಆಮೇಲೆ ಎಲ್ಲರ ಜೊತೆ ಕೂತು ಸಂಜೆಯ ಕೀರ್ತನೆ ಹಾಡುತ್ತಿತ್ತು. ಅದೂ ನಮ್ಮೆಲ್ಲರಿಗಿಂತ ಗಟ್ಟಿ ದನಿಯಲ್ಲಿ. ಖಾಲಿ ಹೊಟ್ಟೆಯಲ್ಲಿ ಅಷ್ಟು ದನಿ ಎಲ್ಲಿಂದ ಬಂತು, ಹೇಳಿ?

ಆಗ ಸಲೋಮಿಯ ನೆನಪಾಯಿತು. ಅವಳ ಮನೆಯಲ್ಲಿ ಅತ್ತೆಯಿಲ್ಲ. ನನ್ನ ಮಾತು ನಂಬಿ ಅವಳು ಹಿಡಿ ತೆಗೆದರೆ ಕಡಿಮೆಯಾಗುವುದು ಯಾರ ಬಟ್ಟಲಿನಲ್ಲಿ?

ಮಂಗಳವಾರ ದೋಣಿ ಹತ್ತಿ ಗಂಗೊಳ್ಳಿಗೆ ಹೋದೆ. ಸಲೋಮಿ ಮರಳಿನ ಮೇಲೆ ಚಾಪೆ ಹಾಸಿ ಮೀನು ಮಗುಚುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದೆ. ಚೀಟಿ ಬರೆಯಬೇಡ, ಮಕ್ಕಳ ಪಾಲು ತೆಗೆಯಬೇಡ ಎಂದೆ. ಅವಳು ಕೆಲಸ ನಿಲ್ಲಿಸಿದಳು.

“ಹಂಗಾರೆ ಅಕ್ಕ,” ಎಂದಳು, “ಇಷ್ಟ್ ದಿನ ನಮ್ಮ್ ಮಕ್ಳ್ ಉಂಡದ್ದ್ ಅತ್ತಿಯವ್ರ ರಾತ್ರಿ ಗಂಜಿಯಾ?”

ನಾನು ಅಲ್ಲಿಯವರೆಗೆ ಅದನ್ನು ಎಣಿಸಿಯೇ ಇರಲಿಲ್ಲ.

ಅವಳು ಒಳಗೆ ಹೋಗಿ ಒಣ ಸಿಗಡಿಯ ಒಂದು ಪೊಟ್ಟಣ ತಂದು ಕೊಟ್ಟಳು. ಬೇಡವೆನ್ನಲು ಬಾಯಿ ತೆರೆದೆ. ನಿಮಗಲ್ಲ, ಅತ್ತೆಯವರಿಗೆ ಎಂದಳು. ಬಾಯಿ ಮುಚ್ಚಿದೆ. ವಾಪಸು ಬರುವಾಗ ಅಳಿವೆಯಲ್ಲಿ ನೀರು ಏರುತ್ತಿತ್ತು. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ, ದೇವಾಲಯದಲ್ಲಿ ಕರ್ತನ ಮೇಜಿನ ಪವಿತ್ರ ರೊಟ್ಟಿ ಹಿಡಿದ ಹಾಗೆ.

ಆ ಸಂಜೆ ಗಂಜಿಗೆ ಅಕ್ಕಿ ಅಳೆದವಳು ನಾನು. ಅತ್ತೆಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಸಿಗಡಿ ಚಟ್ನಿಗೆ ಉಪ್ಪು ಸಾಲದು ಎಂದು ನನ್ನನ್ನು ಗದರಿ, ಎರಡು ಬಟ್ಟಲು ಉಂಡರು.

ಹಿಡಿ ಅಕ್ಕಿ ನಿಲ್ಲುವುದಿಲ್ಲ. ಆದರೆ ಇನ್ನು ಅದು ನನ್ನ ಪಾಲಿನಿಂದ. ದೇವಾಲಯದಲ್ಲಿ ತನ್ನ ಹೆಸರು ಎತ್ತಬೇಡ ಎಂದು ಅತ್ತೆ ಆಣೆ ಹಾಕಿಸಿದ್ದಾರೆ, ಅಲ್ಲಿ ಎತ್ತುವುದಿಲ್ಲ. ಇಲ್ಲಿ ಬರೆಯಬೇಡ ಎಂದು ಹೇಳಿಲ್ಲವಷ್ಟೆ? ನಮ್ಮ ಮನೆಗೆ ಬಂದಾಗ ದಯವಿಟ್ಟು ನೀವೂ ಬಾಯಿ ಬಿಡಬೇಡಿ.

ನೀವು ಇದನ್ನು ಓದುವ ಹೊತ್ತಿಗೆ ಹೊಸ ವರ್ಷ ಬಂದಿರುತ್ತದೆ. ಅತ್ತೆಯ ಉಂಗುರ ಬೆರಳಲ್ಲಿ ನಿಲ್ಲದ್ದರಿಂದ ಒಳಬದಿಗೆ ನೂಲು ಸುತ್ತಿ ಕೊಟ್ಟಿದ್ದೇನೆ. ಹದಿನೇಳು ಸುತ್ತು ಬೇಕಾಯಿತು. ಈ ಸಲದ ಚೀಟಿಗೆ ಬರೆಯಲು ನನಗಿರುವುದು ಒಂದೇ ಸಾಲು: ಮುಂದಿನ ಹೊಸ ವರ್ಷದೊಳಗೆ ಆ ನೂಲು ಬಿಚ್ಚಬೇಕು.

ಬೇರೆ ಯಾರಾದರೂ ಓದಿದರೆ ತಲೆಬುಡ ತಿಳಿಯದು. ಓದಬೇಕಾದವನಿಗೆ ಓದಲು ಬರುತ್ತದಲ್ಲ?